‘ಎಂ’ ರೇಟಿಂಗ್ ಗೇಮನ್ನು 14 ವರ್ಷದ ಹುಡುಗನಿಗೆ ಮಾರಬಾರದು ಅಂತ ಅಮೆರಿಕದಲ್ಲಿ ಕಾನೂನು ಇದೆಯಾ?

ಫ್ರೀಮಾಂಟ್ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗನಿಗೆ 14 ವರ್ಷ. ಹುಟ್ಟುಹಬ್ಬಕ್ಕೆ ಅವನ ಸೋದರತ್ತೆ ಕೊಟ್ಟ ದುಡ್ಡು ಹಿಡಿದುಕೊಂಡು, ಸ್ನೇಹಿತನ ಜೊತೆ ಗ್ರ್ಯಾಂಡ್ ಥೆಫ್ಟ್ ಆಟೊ 5 ತರಲು ಹೋಗಿದ್ದ. ಮೊದಲನೇ ಅಂಗಡಿಯಲ್ಲಿ ಕೌಂಟರಿನಲ್ಲಿದ್ದ ಹುಡುಗಿ ಐಡಿ ಕೇಳಿ, ಅಪ್ಪನೋ ಅಮ್ಮನೋ ಜೊತೆಗೆ ಬರಬೇಕು ಅಂತ ವಾಪಸ್ ಕಳಿಸಿದ್ದಾಳೆ. ಸ್ವಲ್ಪ ಮುಂದೆ ಹಳೇ ಗೇಮ್ ಮಾರುವ ಸಣ್ಣ ಅಂಗಡಿಯೊಂದಿದೆ. ಅಲ್ಲಿ ಏನೂ ಕೇಳದೆ ಬಿಲ್ ಹಾಕಿ ಕೊಟ್ಟಿದ್ದಾರೆ.

ಡಿಸ್ಕ್ ಈಗ ನನ್ನ ಬೀರುವಿನಲ್ಲಿದೆ. ಡಬ್ಬದ ಹಿಂದೆ ಬರೆದಿರುವುದನ್ನು ಓದಿದೆ. ರಕ್ತಪಾತ, ತೀವ್ರ ಹಿಂಸೆ, ನಗ್ನತೆ, ಲೈಂಗಿಕ ದೃಶ್ಯ, ಕೆಟ್ಟ ಬೈಗುಳ, ಡ್ರಗ್ಸ್, ಕುಡಿತ, ಎಲ್ಲ ಇದೆ. ಎದುರುಗಡೆ ದೊಡ್ಡದಾಗಿ ‘ಎಂ’ ಅಂತ, ಅದರ ಜೊತೆ 17+ ಅಂತ ಇದೆ. ಇಷ್ಟೆಲ್ಲ ಬರೆದಿದ್ದರೂ ಮೀಸೆ ಚಿಗುರದ ಹುಡುಗನಿಗೆ ಹೇಗೆ ಕೊಟ್ಟರು?

ನನ್ನ ಪ್ರಶ್ನೆ ಇಷ್ಟೇ. ಇದು ಕಾನೂನಾ, ಇಲ್ಲ ಅಂಗಡಿಯವರೇ ಮಾಡಿಕೊಂಡ ರೂಲ್ಸಾ? ಕಾನೂನು ಅಂದ್ರೆ ಆ ಎರಡನೇ ಅಂಗಡಿಯ ಮೇಲೆ ಎಲ್ಲಿ ದೂರು ಕೊಡಬೇಕು? ಸಿಗರೇಟು, ಬಿಯರ್ ಮಾರಿದ್ದರೆ ಲೈಸೆನ್ಸೇ ಹೋಗುತ್ತಿತ್ತು ಅಲ್ವಾ. ‘ಕ್ಲಾಸಲ್ಲಿ ಎಲ್ಲರೂ ಆಡ್ತಾರೆ’ ಅಂತ ಮಗ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಅವನನ್ನು ನಾನು ನೋಡಿಕೊಳ್ಳುತ್ತೇನೆ. ಅಂಗಡಿಯ ವಿಷಯ ತಿಳಿದವರು ಹೇಳಿ.

ಕೌಂಟರ್ ಹಿಂದಿನವ

ಅಕ್ಕ, ನಾನು ನ್ಯೂಜೆರ್ಸಿಯಲ್ಲಿ ಕಾಲೇಜು ಓದುವಾಗ ಗೇಮ್ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ನೇರವಾಗಿ ಹೇಳ್ತೀನಿ. ಕಾನೂನಿಲ್ಲ. ನಿಮ್ಮ ಮಗನನ್ನು ವಾಪಸ್ ಕಳಿಸಿದ ಹುಡುಗಿ ಅಂಗಡಿಯ ನಿಯಮ ಪಾಲಿಸಿದಳು. ಎರಡನೆಯವನು ಕಾನೂನನ್ನೇನೂ ಮುರಿದಿಲ್ಲ, ಆದರೆ ಮಾಡಿದ್ದು ತಪ್ಪೇ.

ಆ ರೇಟಿಂಗ್ ಸರ್ಕಾರದ್ದಲ್ಲ. ಕೊಡುವುದು ಇಎಸ್‌ಆರ್‌ಬಿ ಅನ್ನೋ ಸಂಸ್ಥೆ. ಗೇಮ್ ಕಂಪನಿಗಳೇ ಸೇರಿ 1994ರಲ್ಲಿ ಹುಟ್ಟುಹಾಕಿದ್ದು. ಅದಕ್ಕೆ ಹಿಂದಿನ ವರ್ಷ ಸೆನೆಟ್‌ನಲ್ಲಿ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಮಾರ್ಟಲ್ ಕಾಂಬ್ಯಾಟ್, ನೈಟ್ ಟ್ರ್ಯಾಪ್ ಅನ್ನೋ ಗೇಮ್‌ಗಳನ್ನು ಇಟ್ಟುಕೊಂಡು ವಿಚಾರಣೆ ನಡೆಸಿದ್ದರು. ನೀವೇ ಏನಾದರೂ ಮಾಡ್ತೀರೋ, ಇಲ್ಲ ನಾವು ಕಾನೂನು ತರಬೇಕೋ ಅಂತ ಗದರಿಸಿದ ಮೇಲೆ ಕಂಪನಿಗಳು ಎಚ್ಚೆತ್ತವು. ‘ಇ’ ಅಂದ್ರೆ ಎಲ್ಲರಿಗೂ, ‘ಟಿ’ ಅಂದ್ರೆ 13 ದಾಟಿದವರಿಗೆ, ‘ಎಂ’ ಅಂದ್ರೆ 17 ದಾಟಿದವರಿಗೆ. ‘ಎಒ’ ಅಂತ ಇನ್ನೊಂದಿದೆ, 18 ದಾಟಿದವರಿಗೆ ಮಾತ್ರ. ಅದನ್ನು ದೊಡ್ಡ ಅಂಗಡಿಗಳು ಇಡೋದೇ ಇಲ್ಲ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊದವರೂ ಬಿಡಲ್ಲ.

ನಮ್ಮ ಅಂಗಡಿಯಲ್ಲಿ ‘ಎಂ’ ಗೇಮ್ ಸ್ಕ್ಯಾನ್ ಮಾಡಿದ ಕೂಡಲೇ ಬಿಲ್ಲಿಂಗ್ ಮೆಷಿನ್ ನಿಂತುಬಿಡುತ್ತಿತ್ತು. ಗಿರಾಕಿಯ ಹುಟ್ಟಿದ ದಿನ ಹಾಕಿದರೆ ಮಾತ್ರ ಮುಂದಕ್ಕೆ. ಸುಳ್ಳು ತಾರೀಖು ಒತ್ತಿ ದಾಟಿಸಬಹುದಿತ್ತು, ಆದರೆ ಯಾರೂ ಆ ಧೈರ್ಯ ಮಾಡ್ತಿರಲಿಲ್ಲ. ಯಾಕಂದ್ರೆ ಗಿರಾಕಿ ವೇಷದಲ್ಲಿ ಪರೀಕ್ಷೆಗೆ ಹುಡುಗರನ್ನು ಕಳಿಸ್ತಾರೆ. ಕಂಪನಿಯವರೂ ಕಳಿಸ್ತಾರೆ, ವ್ಯಾಪಾರದ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನೂ ಕಳಿಸಿದೆ. ಸಿಕ್ಕಿಬಿದ್ದರೆ ಕೆಲಸ ಹೋಯ್ತು ಅಂತಲೇ ಲೆಕ್ಕ.

ಆದರೆ ನನಗೆ ನಿಜಕ್ಕೂ ಬೇಸರ ಆಗ್ತಿದ್ದದ್ದು ಬೇರೆ ವಿಷಯಕ್ಕೆ. ಹುಡುಗ ಒಬ್ಬನೇ ಬಂದರೆ ವಾಪಸ್ ಕಳಿಸ್ತಿದ್ವಿ. ಅರ್ಧ ಗಂಟೆಯಲ್ಲಿ ಅಪ್ಪನನ್ನು ಕರೆದುಕೊಂಡು ಬರ್ತಿದ್ದ. ಅಪ್ಪ ಫೋನಲ್ಲಿ ಮಾತಾಡ್ತಾ ಕಾರ್ಡ್ ಚಾಚುತ್ತಿದ್ದ, ಡಬ್ಬದ ಕಡೆ ಕಣ್ಣೂ ಹಾಯಿಸ್ತಿರಲಿಲ್ಲ. ಆಗ ನಾನು ಡಬ್ಬ ತಿರುಗಿಸಿ ಹಿಂದೆ ಇರೋದನ್ನು ಒಂದೊಂದಾಗಿ ಜೋರಾಗಿ ಓದ್ತಿದ್ದೆ. ರಕ್ತಪಾತ ಅಂದಾಗ ಯಾರೂ ಅಲುಗಾಡ್ತಿರಲಿಲ್ಲ. ಲೈಂಗಿಕ ದೃಶ್ಯ ಅಂದ ಕೂಡಲೇ ಫೋನ್ ಕೆಳಗಿಳಿಯುತ್ತಿತ್ತು. ನೀವು ಆ ಪಟ್ಟಿಯನ್ನು ಪೂರ್ತಿ ಓದಿದ್ದೀರಿ. ತುಂಬ ಜನ ಅಷ್ಟನ್ನೂ ಮಾಡಲ್ಲ.

ಸ್ಯಾಕ್ರಮೆಂಟೊ ರಾಯ

ಮೇಡಂ, ನೀವಿರೋ ರಾಜ್ಯದಲ್ಲೇ ಇದಕ್ಕೊಂದು ಕಾನೂನು ಬಂದಿತ್ತು. ಒಂದು ದಿನವೂ ಜಾರಿಯಾಗಲಿಲ್ಲ. ಆ ಕಥೆ ಸ್ವಲ್ಪ ಉದ್ದ, ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದೇ ಅದರಲ್ಲಿ.

2005ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೊದ್ದೇ ಹಿಂದಿನ ಗೇಮ್ ಒಂದರಲ್ಲಿ, ಸ್ಯಾನ್ ಆಂಡ್ರಿಯಾಸ್ ಅಂತ, ಒಳಗೆ ಅಡಗಿಸಿಟ್ಟಿದ್ದ ಲೈಂಗಿಕ ದೃಶ್ಯ ಪತ್ತೆಯಾಯಿತು. ಜುಲೈನಲ್ಲಿ ಅದರ ರೇಟಿಂಗ್ ‘ಎಂ’ ಇಂದ ‘ಎಒ’ಗೆ ಹೋಯಿತು, ದೊಡ್ಡ ಅಂಗಡಿಗಳು ಶೆಲ್ಫ್ ಖಾಲಿ ಮಾಡಿದವು. ದೇಶದಲ್ಲೆಲ್ಲ ಗಲಾಟೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಒಂದು ಮಸೂದೆಗೆ ಸಹಿ ಹಾಕಿದರು. ಮಂಡಿಸಿದ್ದು ಲೀಲೆಂಡ್ ಯೀ, ಮಕ್ಕಳ ಮನಶ್ಶಾಸ್ತ್ರ ಓದಿದವರು. ಮನುಷ್ಯರ ರೂಪವನ್ನು ಕೊಲ್ಲುವ, ಅಂಗಾಂಗ ಕತ್ತರಿಸುವ, ಅತ್ಯಾಚಾರ ಮಾಡುವ ಅವಕಾಶ ಕೊಡುವ, ಮಕ್ಕಳ ಮಟ್ಟಿಗೆ ಬೇರೇನೂ ಹುರುಳಿಲ್ಲದ ಗೇಮ್‌ಗಳನ್ನು 18 ತುಂಬದವರಿಗೆ ಮಾರಿದರೆ 1,000 ಡಾಲರ್ ತನಕ ದಂಡ. ಡಬ್ಬದ ಮೇಲೆ ಎರಡಿಂಚು ಅಗಲ, ಎರಡಿಂಚು ಉದ್ದದ ‘18’ ಚೀಟಿ ಹಚ್ಚಬೇಕು. ಅಪ್ಪ ಅಮ್ಮ ತಾವೇ ತಂದುಕೊಟ್ಟರೆ ತಕರಾರಿಲ್ಲ.

ಗೇಮ್ ಕಂಪನಿಗಳು, ಅಂಗಡಿಗಳು ಸೇರಿ ಕೋರ್ಟಿಗೆ ಹೋದವು. ಕಾನೂನು ಜಾರಿಗೆ ಬರುವ ಮೊದಲೇ ಸ್ಯಾನ್ ಹೋಸೆಯ ಫೆಡರಲ್ ಕೋರ್ಟು ತಡೆ ಕೊಟ್ಟಿತು. ಇಲಿನಾಯ್, ಮಿಶಿಗನ್, ಲೂಸಿಯಾನ, ಒಕ್ಲಹೋಮಾಗಳಲ್ಲೂ ಆ ಒಂದೆರಡು ವರ್ಷಗಳಲ್ಲಿ ಇಂಥವೇ ಕಾನೂನುಗಳು ಬಂದು ಕೋರ್ಟಿನಲ್ಲಿ ಬಿದ್ದುಹೋದವು. ಕ್ಯಾಲಿಫೋರ್ನಿಯಾ ಬಿಡಲಿಲ್ಲ, ಸುಪ್ರೀಂ ಕೋರ್ಟ್ ತನಕ ಹೋಯಿತು. 2011ರ ಜೂನ್ 27ಕ್ಕೆ ತೀರ್ಪು ಬಂತು. ಅಷ್ಟರಲ್ಲಿ ಗವರ್ನರ್ ಬದಲಾಗಿದ್ದರಿಂದ ಕೇಸಿನ ಹೆಸರು ಬ್ರೌನ್ ವಿರುದ್ಧ ಎಂಟರ್‌ಟೈನ್‌ಮೆಂಟ್ ಮರ್ಚೆಂಟ್ಸ್ ಅಸೋಸಿಯೇಷನ್ ಅಂತಾಗಿತ್ತು. 7–2ರಲ್ಲಿ ರಾಜ್ಯ ಸೋತಿತು.

ತೀರ್ಪು ಬರೆದವರು ಜಸ್ಟಿಸ್ ಸ್ಕಲಿಯಾ. ಪುಸ್ತಕ, ನಾಟಕ, ಸಿನಿಮಾಕ್ಕೆ ಇರುವ ವಾಕ್ ಸ್ವಾತಂತ್ರ್ಯ ವಿಡಿಯೊ ಗೇಮ್‌ಗೂ ಇದೆ ಅಂದರು. ಲೈಂಗಿಕ ವಿಷಯವನ್ನು ಮಕ್ಕಳಿಗೆ ಮಾರದಂತೆ ತಡೆಯಬಹುದು ಅಂತ 1968ರಲ್ಲೇ ತೀರ್ಪಾಗಿದೆ, ಆದರೆ ಹಿಂಸೆಯನ್ನು ಮಕ್ಕಳಿಂದ ದೂರ ಇಡುವ ಸಂಪ್ರದಾಯ ಈ ದೇಶದಲ್ಲಿ ಇಲ್ಲವೇ ಇಲ್ಲ ಅಂದರು. ಉದಾಹರಣೆಗೆ ಅವರು ಎತ್ತಿಕೊಂಡಿದ್ದು ಅಜ್ಜಿ ಕಥೆಗಳನ್ನೇ. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಮಾಟಗಾತಿಯನ್ನು ಒಲೆಯಲ್ಲಿ ಹಾಕಿ ಸುಡ್ತಾರೆ, ಸಿಂಡರೆಲ್ಲಾಳ ಅಕ್ಕಂದಿರ ಕಣ್ಣನ್ನು ಪಾರಿವಾಳ ಕುಕ್ಕಿ ತೆಗೀತವೆ. ನಮ್ಮಲ್ಲೂ ಅಷ್ಟೇ ಅಲ್ವಾ. ಯಕ್ಷಗಾನದಲ್ಲಿ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯೋದನ್ನು ರಾತ್ರಿಯಿಡೀ ಎದ್ದು ಕೂತು ನೋಡಿದ ಮಕ್ಕಳು ನಾವು. ಹಿಂಸೆಯ ಗೇಮ್ ಆಡಿದ್ದರಿಂದಲೇ ಮಕ್ಕಳು ಹಿಂಸೆಗಿಳಿಯುತ್ತಾರೆ ಅಂತ ರಾಜ್ಯ ತಂದ ಅಧ್ಯಯನಗಳು ತೋರಿಸಿಕೊಡಲಿಲ್ಲ, ಎರಡರ ನಡುವೆ ಏನೋ ನಂಟಿದೆ ಅನ್ನುವಷ್ಟಕ್ಕೇ ನಿಲ್ಲುತ್ತವೆ ಅಂದರು.

ಅಂಗಡಿಗಳು ತಾವಾಗಿಯೇ ತಡೆಯುತ್ತಿವೆ ಅನ್ನೋದನ್ನೂ ಕೋರ್ಟ್ ಗಮನಿಸಿತು. ಕೌಂಟರ್ ಹಿಂದಿನವ ಹೇಳಿದ ಪರೀಕ್ಷೆಯ ಲೆಕ್ಕ ನೋಡಿ. ಫೆಡರಲ್ ಟ್ರೇಡ್ ಕಮಿಷನ್ 13ರಿಂದ 16 ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನೇ ಅಂಗಡಿಗೆ ಕಳಿಸುತ್ತಿತ್ತು. 2000ದಲ್ಲಿ ನೂರಕ್ಕೆ 85 ಮಕ್ಕಳಿಗೆ ‘ಎಂ’ ಗೇಮ್ ಸಿಕ್ಕಿತ್ತು. 2011ರಲ್ಲಿ ಬರೀ 13. ಆ ವರ್ಷ ದೊಡ್ಡವರ ಸಿನಿಮಾ ಡಿವಿಡಿ 38 ಮಕ್ಕಳಿಗೆ, ಬೈಗುಳ ತುಂಬಿದ ಹಾಡಿನ ಸಿಡಿ 64 ಮಕ್ಕಳಿಗೆ ಸಿಕ್ಕಿತ್ತು. ಅಂದ್ರೆ ಎಲ್ಲರಿಗಿಂತ ಬಿಗಿಯಾಗಿದ್ದದ್ದು ಗೇಮ್ ಅಂಗಡಿಗಳೇ, ಅದೂ ಕಾನೂನಿನ ಹಂಗಿಲ್ಲದೆ.

ಹಾಗಾಗಿ ಪೊಲೀಸಿಗೋ ಸಿಟಿ ಆಫೀಸಿಗೋ ದೂರು ಕೊಟ್ಟರೆ ಪ್ರಯೋಜನ ಇಲ್ಲ. ಅಂಗಡಿ ಮಾಲೀಕರಿಗೇ ಹೇಳಬೇಕು.

ಫ್ರೀಮಾಂಟ್ ಅಮ್ಮ

ರಾಯರೇ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಆದರೆ ತೀರ್ಪು ನನಗೆ ಒಪ್ಪಿಗೆಯಾಗ್ತಿಲ್ಲ. ಯಕ್ಷಗಾನದಲ್ಲಿ ಮಗು ಕೂತು ನೋಡುತ್ತೆ. ಇಲ್ಲಿ ಮಗುವೇ ಬಟನ್ ಒತ್ತಿ ದಾರಿಯಲ್ಲಿ ಹೋಗ್ತಿರೋ ಹೆಂಗಸಿಗೆ ಹೊಡೆಯುತ್ತೆ, ಹೊಡೆದರೆ ಅವಳ ದುಡ್ಡು ಕೆಳಗೆ ಬೀಳುತ್ತೆ, ಎತ್ತಿಕೊಳ್ಳುತ್ತೆ. ನಿನ್ನೆ ರಾತ್ರಿ ಒಂದು ಗಂಟೆ ಯೂಟ್ಯೂಬ್‌ನಲ್ಲಿ ಕೂತು ನೋಡಿದೆ. ಪ್ರಹ್ಲಾದನ ಕಥೆಯಲ್ಲಿ ಯಾಕೆ ಕೊಂದ, ಯಾರನ್ನು ಕೊಂದ ಅನ್ನೋದಕ್ಕೆ ಒಂದು ಅರ್ಥ ಇದೆ. ಈ ಗೇಮಿನಲ್ಲಿ ಸುಮ್ನೆ ಹೊಡೆಯಬಹುದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಹೇಗೆ?

ಇನ್ನೊಂದು. ಆ ಹುಡುಗನಿಗೆ ಬೆತ್ತಲೆ ಚಿತ್ರದ ಪುಸ್ತಕ ಮಾರಿದರೆ ತಪ್ಪು, ಇದನ್ನು ಮಾರಿದರೆ ಸರಿ ಅನ್ನೋದು ಯಾವ ನ್ಯಾಯ?

ಸ್ಯಾಕ್ರಮೆಂಟೊ ರಾಯ

ಮೇಡಂ, ನೀವು ಕೇಳಿದ ಎರಡನೇ ಪ್ರಶ್ನೆಯನ್ನೇ ಜಸ್ಟಿಸ್ ಬ್ರೇಯರ್ ತಮ್ಮ ಭಿನ್ನ ತೀರ್ಪಿನಲ್ಲಿ ಎತ್ತಿದ್ದಾರೆ. 13 ವರ್ಷದ ಹುಡುಗನಿಗೆ ಬೆತ್ತಲೆ ಹೆಂಗಸಿನ ಚಿತ್ರ ಮಾರುವುದನ್ನು ತಡೆಯಬಹುದು, ಆದರೆ ಅದೇ ಹೆಂಗಸನ್ನು ಕಟ್ಟಿಹಾಕಿ, ಹಿಂಸಿಸಿ, ಕೊಲ್ಲುವ ಗೇಮನ್ನು ತಡೆಯುವ ಹಾಗಿಲ್ಲ ಅಂದ್ರೆ ಏನರ್ಥ ಅಂತ ಅವರ ವಾದ. ಗೇಮ್ ಮತ್ತು ಹಿಂಸೆಯ ಬಗ್ಗೆ ನಡೆದ ಅಧ್ಯಯನಗಳ ಉದ್ದ ಪಟ್ಟಿಯನ್ನೇ ಕೊನೆಯಲ್ಲಿ ಜೋಡಿಸಿದ್ದಾರೆ. ಜಸ್ಟಿಸ್ ಥಾಮಸ್ ಇನ್ನೂ ಮುಂದೆ ಹೋದರು. ಅಪ್ಪ ಅಮ್ಮನನ್ನು ಬಿಟ್ಟು ನೇರವಾಗಿ ಮಕ್ಕಳ ಜೊತೆ ಮಾತಾಡುವ ಹಕ್ಕು ವಾಕ್ ಸ್ವಾತಂತ್ರ್ಯದಲ್ಲಿ ಬರುವುದೇ ಇಲ್ಲ ಅಂದರು.

ಮಗುವೇ ಬಟನ್ ಒತ್ತುತ್ತೆ ಅನ್ನೋದನ್ನು ರಾಜ್ಯದ ವಕೀಲರೂ ಹೇಳಿದ್ದರು. ಸ್ಕಲಿಯಾ ಒಪ್ಪಲಿಲ್ಲ. ಜಸ್ಟಿಸ್ ಅಲಿಟೊ, ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಮಾತ್ರ ಬೇರೆ ಬರೆದರು. ಯಾವ ಗೇಮ್ ಬರುತ್ತೆ, ಯಾವುದು ಬರಲ್ಲ ಅಂತ ಈ ಕಾನೂನಿನಲ್ಲಿ ಸ್ಪಷ್ಟ ಇಲ್ಲ, ಅದಕ್ಕೇ ಬೀಳಬೇಕು, ಆದರೆ ಇದು ಪುಸ್ತಕದ ಹಾಗೇ ಅಂತ ಆತುರವಾಗಿ ತೀರ್ಮಾನ ಮಾಡಬೇಡಿ, ಇನ್ನೂ ಸರಿಯಾಗಿ ಬರೆದ ಕಾನೂನು ಬಂದರೆ ನೋಡೋಣ ಅನ್ನೋದು ಅವರ ನಿಲುವು. ಹಾಗಾಗಿ ಏಳರಲ್ಲಿ ಇಬ್ಬರಿಗೆ ನಿಮ್ಮ ಆತಂಕವೂ ಇತ್ತು.

ನನ್ನ ಅಭಿಪ್ರಾಯ ಕೇಳಿದರೆ ತೀರ್ಪು ಸರಿ. ಯಾವ ಕಥೆಗೆ ಅರ್ಥ ಇದೆ, ಯಾವುದಕ್ಕಿಲ್ಲ ಅಂತ ಅಳೆಯುವ ಕೆಲಸ ಸರ್ಕಾರದ ಕೈಗೆ ಕೊಟ್ಟರೆ ನಾಳೆ ಪುಸ್ತಕಕ್ಕೂ ಬರುತ್ತದೆ. ನೀವು ಒಪ್ಪಲೇಬೇಕು ಅಂತಿಲ್ಲ.

ಮ್ಯೂನಿಕ್ ಮಂಗಳಗೌರಿ

ಸರ್, ನಾನು ಒಪ್ಪಲ್ಲ. ನಾವು ಜರ್ಮನಿಯಲ್ಲಿದ್ದೇವೆ. ಇಲ್ಲಿ ಇದು ಕಾನೂನು, ಪುಸ್ತಕಗಳಿಗೇನೂ ಆಗಿಲ್ಲ.

ಇಲ್ಲಿ ಯುಎಸ್‌ಕೆ ಅಂತ ರೇಟಿಂಗ್. 0, 6, 12, 16, 18. ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಬಣ್ಣದ ಚೌಕ. ಡಬ್ಬದ ಮುಂಭಾಗದಲ್ಲೇ ಇರುತ್ತದೆ, ಅಂಗಡಿಯ ಆ ತುದಿಯಿಂದಲೇ ಕೆಂಪು ಕಾಣುತ್ತದೆ. ಓದು ಬಾರದ ಅಜ್ಜಿಗೂ ಗೊತ್ತಾಗಬೇಕು, ಹಾಗಿದೆ. 2002ರಲ್ಲಿ ಎರ್‌ಫರ್ಟ್‌ನ ಶಾಲೆಯೊಂದರಲ್ಲಿ ಗುಂಡಿನ ದಾಳಿ ನಡೆದ ಮೇಲೆ ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ಮಕ್ಕಳ ರಕ್ಷಣೆಯ ಹೊಸ ಕಾಯ್ದೆ 2003ರ ಏಪ್ರಿಲ್‌ನಿಂದ ಜಾರಿಯಾಯಿತು. ಆಗಿನಿಂದ ಈ ಚೌಕದ ವಯಸ್ಸು ಬರೀ ಸಲಹೆಯಲ್ಲ. ವಯಸ್ಸಾಗದವರಿಗೆ ಮಾರಿದರೆ ಅಂಗಡಿಗೆ 50,000 ಯೂರೊ ತನಕ ದಂಡ ಹಾಕಬಹುದು. ಕೆಂಪು ಚೌಕದ ಗೇಮ್ ಪೋಸ್ಟಿನಲ್ಲಿ ತರಿಸಿದರೆ ಮನೆ ಬಾಗಿಲಲ್ಲಿ ಐಡಿ ತೋರಿಸಿ ದೊಡ್ಡವರೇ ತಗೋಬೇಕು. ಪಕ್ಕದ ಮನೆಯವರಿಗೆ ಕೊಟ್ಟು ಹೋಗೋದಿಲ್ಲ.

ಅಪ್ಪ ಅಮ್ಮ ಮನೆಯಲ್ಲಿ ಮಗನಿಗೆ ಆಡಲು ಕೊಟ್ಟರೆ ಈ ದಂಡ ಅವರಿಗಲ್ಲ. ಕಾನೂನು ಹಿಡಿಯುವುದು ಮಾರುವವರನ್ನು. ನನಗೆ ಇಷ್ಟ ಆಗಿದ್ದೇ ಅದು. ನನ್ನ ಮಗ 15ನೇ ವಯಸ್ಸಿನಲ್ಲಿ ನೀಲಿ ಚೌಕದ ಗೇಮ್ ಒಂದನ್ನು ಕೇಳಿದ. ನಾನೂ ನನ್ನ ಯಜಮಾನರೂ ಕೂತು ನೋಡಿ, ಪರವಾಗಿಲ್ಲ ಅನ್ನಿಸಿ ಕೊಡಿಸಿದ್ವಿ. ಅಂಗಡಿಯವನ ಕೈಯಿಂದ ನೇರವಾಗಿ ಮಗನ ಕೈಗೆ ಹೋಗಲಿಲ್ಲ, ನಮ್ಮನ್ನು ದಾಟಿ ಹೋಯಿತು. ಅಷ್ಟನ್ನು ಒಂದು ಸರ್ಕಾರ ಮಾಡಿಕೊಡಬಾರದಾ?

ಬ್ರಿಟನ್ನಿನಲ್ಲಿರುವ ನನ್ನ ತಮ್ಮನ ಊರಲ್ಲೂ ಹಾಗೇ. 2012ರ ಜುಲೈನಿಂದ ಅಲ್ಲಿ ಪೆಗಿ ಅನ್ನೋ ಯುರೋಪಿನ ರೇಟಿಂಗ್‌ನ 12, 16, 18ಕ್ಕೆ ಕಾನೂನಿನ ಬಲ ಇದೆ. ಚಿಕ್ಕವರಿಗೆ ಮಾರಿದರೆ ಆರು ತಿಂಗಳವರೆಗೂ ಜೈಲಾಗಬಹುದು. ಆಸ್ಟ್ರೇಲಿಯಾದಲ್ಲಿ ತಮಾಷೆ ಅನ್ನಿಸುವ ಪರಿಸ್ಥಿತಿ ಇತ್ತು, 2013ರ ತನಕ ಗೇಮ್‌ಗೆ 18 ಅನ್ನೋ ವರ್ಗವೇ ಇರಲಿಲ್ಲ. ಅದಕ್ಕಿಂತ ಕೆಳಗಿನ ವರ್ಗಕ್ಕೆ ಹೊಂದದ ಗೇಮನ್ನು ಯಾರಿಗೂ ಮಾರುವಂತಿರಲಿಲ್ಲ. ದೊಡ್ಡವರು ಹೋರಾಡಿ ಆ ವರ್ಗ ತರಿಸಿಕೊಂಡರು.

ಬಸವನಗುಡಿ ಬಾಯ್

ನೀವೆಲ್ಲ ಅಂಗಡಿ ಐಡಿ ಕೇಳಿತು, ಕೇಳಲಿಲ್ಲ ಅಂತ ಮಾತಾಡ್ತಿದ್ದೀರಿ. ಬೆಂಗಳೂರಲ್ಲಿ ಕೇಳೋರೇ ಇಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನ್ಯಾಷನಲ್ ಮಾರ್ಕೆಟ್‌ನಲ್ಲಿ ಗೇಮ್ ಡಿವಿಡಿಗಳನ್ನು ಟೇಬಲ್ ಮೇಲೆ ಸುರಿದಿರೋರು. ಕವರ್ ಮೇಲೆ ರೇಟಿಂಗ್ ಇದ್ರೂ ಜೆರಾಕ್ಸ್‌ನಲ್ಲಿ ಅರ್ಧ ಅಳಿಸಿಹೋಗಿರೋದು. ಅಣ್ಣ ಇದರಲ್ಲಿ ಏನಿದೆ ಅಂದ್ರೆ ‘ಸೂಪರ್ ಫೈಟಿಂಗ್ ಇದೆ ತಗೋ’ ಅನ್ನೋರು.

ಈಗಲೂ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ‘ಎ’ ಸರ್ಟಿಫಿಕೇಟ್ ಸಿನಿಮಾಕ್ಕೆ ಮಕ್ಕಳನ್ನು ಬಿಡಬಾರದು ಅಂತ ಕಾನೂನಿದೆ. ಗೇಮ್‌ಗೆ ಅಂಥ ಮಂಡಳಿ ಇಲ್ಲ. ಡಬ್ಬದ ಮೇಲಿರೋದು ಯುರೋಪಿನದೋ ಅಮೆರಿಕದ್ದೋ ರೇಟಿಂಗ್. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ಹಿಡಿದುಕೊಂಡಿದೆ, ಅದು ಬೇರೆ ವಿಷಯ. ಮತ್ತೆ ನಮ್ಮಲ್ಲಿ ಡಿಸ್ಕ್ ಯಾರು ತಗೊಳ್ತಾರೆ. ಎಲ್ಲ ಮೊಬೈಲ್. 2020ರಲ್ಲಿ ಪಬ್‌ಜಿ ಬ್ಯಾನ್ ಆಗಿ ಮುಂದಿನ ವರ್ಷ ಬಿಜಿಎಂಐ ಅಂತ ಬಂದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ, ದಿನಕ್ಕೆ 7,000 ರೂಪಾಯಿ ಅಂತ ಮಿತಿ ಹಾಕಿದ್ರು. 7,000! ನಮ್ಮ ಬೀದಿಯ ಹುಡುಗರು ಅಪ್ಪನ ನಂಬರ್ ಹಾಕಿ 18 ದಾಟಿದೀನಿ ಅಂತ ಒತ್ತಿ ಒಳಗೆ ಹೋಗ್ತಾರೆ.

ಅದಕ್ಕೇ ಮಂಗಳಗೌರಿ ಅಕ್ಕ, ಅಂಗಡಿ ಕಾನೂನು ಇದ್ರೂ ಡೌನ್‌ಲೋಡ್‌ಗೆ ಯಾರು ಐಡಿ ಕೇಳ್ತಾರೆ?

ಮ್ಯೂನಿಕ್ ಮಂಗಳಗೌರಿ

ನಿಜ ತಮ್ಮಾ. ಬ್ರಿಟನ್ನಿನ ಆ ಕಾನೂನು ಡಿಸ್ಕಿಗೆ ಮಾತ್ರ ಅಂತ ನನ್ನ ತಮ್ಮನೇ ಹೇಳ್ತಿದ್ದ. ಡೌನ್‌ಲೋಡ್ ಅದರೊಳಗೆ ಬರಲ್ಲ. ಆದರೂ ಅಂಗಡಿಯ ಬಾಗಿಲನ್ನಾದರೂ ಮುಚ್ಚಲಿ ಅಂತ ನಾನು ಹೇಳೋದು. ಒಂದು ಕಡೆ ತೆರೆದಿದೆ ಅಂತ ಇನ್ನೊಂದನ್ನೂ ತೆರೆದಿಡಬೇಕಾ?

ಕೌಂಟರ್ ಹಿಂದಿನವ

ಫ್ರೀಮಾಂಟ್ ಅಕ್ಕ, ನಿಮ್ಮ ಮನೆಯಲ್ಲಿರೋದು ಪಿಎಸ್5, ಅಂದ್ರೆ ಪ್ಲೇಸ್ಟೇಷನ್ 5 ಅಂತ ಅಂದುಕೊಂಡು ಬರೀತೀನಿ. ಬೀರು ಬೀಗಕ್ಕಿಂತ ಇದು ಮುಖ್ಯ. ಅವನ ಹತ್ತಿರ ಇನ್ನೊಂದು ಗಿಫ್ಟ್ ಕಾರ್ಡ್ ಇದ್ದರೆ ನಾಳೆಯೇ ಅದೇ ಗೇಮನ್ನು ಸೋಫಾ ಬಿಟ್ಟೇಳದೆ ಡೌನ್‌ಲೋಡ್ ಮಾಡ್ಕೋತಾನೆ.

ಮೊದಲು ಅವನ ಅಕೌಂಟಿನಲ್ಲಿ ಹುಟ್ಟಿದ ವರ್ಷ ಏನಿದೆ ನೋಡಿ. ತುಂಬ ಮನೆಗಳಲ್ಲಿ ಮಕ್ಕಳು ಅಪ್ಪನ ಅಕೌಂಟಿನಲ್ಲೇ ಆಡ್ತಿರ್ತಾರೆ, ಇಲ್ಲ ಇಪ್ಪತ್ತೈದು ವರ್ಷ ಅಂತ ಹಾಕಿಕೊಂಡಿರ್ತಾರೆ. ಹಾಗಿದ್ದರೆ ಯಾವ ತಡೆಯೂ ಕೆಲಸ ಮಾಡಲ್ಲ. ನಿಮ್ಮದು ದೊಡ್ಡವರ ಅಕೌಂಟ್, ಅದರ ಕೆಳಗೆ ಅವನದು ಮಕ್ಕಳ ಅಕೌಂಟ್, ನಿಜವಾದ ಹುಟ್ಟಿದ ದಿನದ ಜೊತೆ. ಆಮೇಲೆ ನೀವು ಯಾವ ವಯಸ್ಸಿನ ತನಕದ ಗೇಮ್ ಬೇಕು ಅಂತ ಆರಿಸಿದರೆ, ಅದಕ್ಕಿಂತ ಮೇಲಿನದು ಅವನ ಅಕೌಂಟಿನಲ್ಲಿ ಓಪನ್ ಆಗಲ್ಲ. ಡಿಸ್ಕ್ ಹಾಕಿದರೂ ಆಗಲ್ಲ. ಯಾವುದಾದರೂ ಒಂದು ಗೇಮ್ ಪರವಾಗಿಲ್ಲ ಅನ್ನಿಸಿದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಬಹುದು, ಅವನೇ ಅಲ್ಲಿಂದ ಕೇಳಿಕೊಳ್ಳಬಹುದು. ತಿಂಗಳಿಗೆ ಎಷ್ಟು ಖರ್ಚು ಅಂತಲೂ ಮಿತಿ ಇದೆ, ಸೊನ್ನೆ ಇಡಿ.

ಜನ ಬಿಟ್ಟುಬಿಡೋದು ಮೂರು ವಿಷಯ. ನಿಮ್ಮ ಅಕೌಂಟಿಗೆ ಪಾಸ್‌ಕೋಡ್ ಹಾಕದಿದ್ದರೆ ಅವನು ನಿಮ್ಮ ಹೆಸರು ಒತ್ತಿ ಒಳಗೆ ಹೋಗ್ತಾನೆ. ಹೊಸ ಯೂಸರ್ ಮಾಡಿಕೊಳ್ಳೋದು, ಗೆಸ್ಟ್ ಆಗಿ ಬರೋದು ಎರಡನ್ನೂ ಬಂದ್ ಮಾಡಬೇಕು, ಅದು ಬೇರೆ ಕಡೆ ಇದೆ, ಕನ್ಸೋಲ್ ನಿರ್ಬಂಧ ಅನ್ನೋ ಭಾಗದಲ್ಲಿ. ಆ ಭಾಗದ ಪಾಸ್‌ಕೋಡ್ ಕಂಪನಿಯಿಂದ ಬರುವಾಗ 0000 ಇರುತ್ತೆ. ಮಕ್ಕಳಿಗೆಲ್ಲ ಗೊತ್ತು. ಮೊದಲು ಅದನ್ನು ಬದಲಾಯಿಸಿ.

ಎಕ್ಸ್‌ಬಾಕ್ಸ್‌ಗೆ ಫ್ಯಾಮಿಲಿ ಸೇಫ್ಟಿ ಅಂತ ಆ್ಯಪ್ ಇದೆ, ನಿಂಟೆಂಡೊಗೂ ಫೋನ್ ಆ್ಯಪ್ ಇದೆ. ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ಇದ್ದರೆ ಅದನ್ನು ಬೇರೆಯಾಗಿ ನೋಡಬೇಕು. ಅಲ್ಲಿ ವಯಸ್ಸು ಕೇಳುವ ಪುಟದಲ್ಲಿ ಯಾವ ವರ್ಷ ಒತ್ತಿದರೂ ಬಾಗಿಲು ತೆರೆಯುತ್ತೆ. ಫ್ಯಾಮಿಲಿ ಸೆಟ್ಟಿಂಗ್ ಹಾಕಿದರೆ ಮಾತ್ರ ನೀವು ಆರಿಸಿದ ಗೇಮ್‌ಗಳು ಅವನಿಗೆ ಕಾಣ್ತವೆ.

ಇನ್ನೊಂದು ಮಾತು. ಇಎಸ್‌ಆರ್‌ಬಿ ಸೈಟಿನಲ್ಲಿ ಗೇಮಿನ ಹೆಸರು ಹಾಕಿದರೆ ಒಂದು ಪ್ಯಾರಾ ಬರುತ್ತೆ, ಯಾವ ದೃಶ್ಯ, ಯಾವ ಮಾತು, ಎಷ್ಟು ರಕ್ತ ಅಂತ ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ಡಬ್ಬದ ಹಿಂದಿನ ಪಟ್ಟಿಗಿಂತ ಅದು ಎಷ್ಟೋ ವಾಸಿ. ಆದರೆ ಆನ್‌ಲೈನ್ ಆಡುವಾಗ ಬೇರೆಯವರು ಮೈಕಿನಲ್ಲಿ ಏನು ಬೈತಾರೆ ಅನ್ನೋದಕ್ಕೆ ಯಾವ ರೇಟಿಂಗೂ ಅನ್ವಯಿಸಲ್ಲ. ‘ಇ’ ಗೇಮ್ ಆದ್ರೂ ಅಷ್ಟೇ. 14ಕ್ಕೆ ನನಗೆ ಜಾಸ್ತಿ ಹೆದರಿಕೆ ಅದರದ್ದೇ. ಮಕ್ಕಳ ಅಕೌಂಟಿನಲ್ಲಿ ಮಾತು, ಮೆಸೇಜು ಎರಡನ್ನೂ ಬಂದ್ ಮಾಡುವ ಜಾಗ ಇದೆ.

ಫ್ರೀಮಾಂಟ್ ಅಮ್ಮ

ತಮ್ಮಾ, ಪಿಎಸ್5ಏ. ನೀನು ಹೇಳಿದ ಹಾಗೆ ನೋಡಿದೆ, ಅವನು ಆಡ್ತಿರೋದು ನಮ್ಮೆಜಮಾನರ ಅಕೌಂಟಿನಲ್ಲಿ. ಇವತ್ತು ಸಂಜೆ ಹೊಸದು ಮಾಡ್ತೀವಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ. ಕದ್ದುಮುಚ್ಚಿ ಮಾಡೋದು ನನಗಿಷ್ಟ ಇಲ್ಲ. 16 ತುಂಬಿದ ಮೇಲೆ ಮತ್ತೆ ಮಾತಾಡೋಣ ಅಂತ ಹೇಳಿದ್ದೀನಿ. ಸದ್ಯಕ್ಕೆ ‘ಟಿ’ ತನಕ.

ರಾಯರೇ, ಕಾನೂನು ಬೇಕಿತ್ತು ಅನ್ನೋದು ಈಗಲೂ ನನ್ನ ಮಾತು. ಗೌರಿಯವರು ಹೇಳಿದ ಹಾಗೆ ನನ್ನನ್ನು ದಾಟಿ ಹೋಗಲಿ, ಅಷ್ಟೇ ನಾನು ಕೇಳ್ತಿರೋದು. ಆ ಅಂಗಡಿಗೆ ಶನಿವಾರ ಹೋಗ್ತೀನಿ. ಡಿಸ್ಕ್ ವಾಪಸ್ ತಗೋತಾರಾ? ಕವರ್ ಬಿಚ್ಚಿಯಾಗಿದೆ, ಬಿಲ್ ಇದೆ.

ಕೌಂಟರ್ ಹಿಂದಿನವ

ಬಿಲ್ ಮರೀಬೇಡಿ. ಬಿಚ್ಚಿದ ಗೇಮನ್ನು ಸಾಮಾನ್ಯವಾಗಿ ದುಡ್ಡಿಗೆ ವಾಪಸ್ ತಗೊಳ್ಳಲ್ಲ, ಡಿಸ್ಕ್ ಕೆಟ್ಟಿದ್ದರೆ ಅದೇ ಗೇಮಿನ ಇನ್ನೊಂದು ಕಾಪಿ ಕೊಡ್ತಾರೆ. ಆದರೆ ಹಳೇ ಗೇಮ್ ಅಂಗಡಿ ಅಂದಿರಿ, ಅವರು ಹೇಗೂ ಬಿಚ್ಚಿದ್ದನ್ನೇ ಮಾರೋರು, ಒಪ್ಪಬಹುದು. ಕೆಲಸದ ಹುಡುಗರ ಹತ್ತಿರ ಜಗಳ ಮಾಡಬೇಡಿ, ಮಾಲೀಕರಿರುವ ಹೊತ್ತು ಕೇಳಿಕೊಂಡು ಹೋಗಿ. 14 ವರ್ಷದವನಿಗೆ ವಯಸ್ಸು ಕೇಳದೆ ‘ಎಂ’ ಗೇಮ್ ಕೊಟ್ಟಿದ್ದೀರಿ, ನನಗೆ ದುಡ್ಡು ವಾಪಸ್ ಬೇಕು ಅಂತ ನೇರವಾಗಿ ಹೇಳಿ. ಮಗನನ್ನೂ ಕರೆದುಕೊಂಡು ಹೋಗಿ, ಅವನನ್ನು ನೋಡಿದರೆ ಮಾಲೀಕರಿಗೇ ಗೊತ್ತಾಗುತ್ತೆ. ದುಡ್ಡು ಕೊಡಲ್ಲ ಅಂದ್ರೆ ಅಷ್ಟೇ ಬೆಲೆಗೆ ‘ಟಿ’ ಗೇಮ್ ಒಂದನ್ನು ಬದಲಿಗೆ ಕೇಳಿ, ಅದಕ್ಕೆ ಬಹುಶಃ ಇಲ್ಲ ಅನ್ನಲ್ಲ. ಏನಾಯ್ತು ಅಂತ ಇಲ್ಲೇ ಬರೀರಿ.